ಎಡಗಾಲಿನ ಪಟ್ಟಿ

ಊರಿಗೆಲ್ಲ ಸೈಕಲ್ ಕಲಿಸಿದವನ ಹೆಂಡತಿಗೆ ಸೈಕಲ್ ಬರುವುದಿಲ್ಲ ಎಂಬುದು ನಮ್ಮ ಬೀದಿಯ ಹಳೇ ತಮಾಷೆ. ನಮ್ಮ ಯಜಮಾನರದು ಮೂಲೆಯ ಸೈಕಲ್ ಶಾಪು. ಪಂಕ್ಚರ್ ಹಾಕುತ್ತಾ, ಚಕ್ರದ ಡೊಂಕು ತೆಗೆಯುತ್ತಾ, ಸಂಜೆಯಾದರೆ ಯಾರದೋ ಸೈಕಲ್ಲಿನ ಸೀಟು ಹಿಡಿದು ಹಿಂದೆ ಓಡುತ್ತಾ ಆಯಸ್ಸು ಕಳೆದವರು. ಕಲಿಯುವವರು "ಬಿಡಬೇಡಿ, ಬಿಡಬೇಡಿ" ಎಂದು ಅರಚುತ್ತಿದ್ದರೆ ಇವರು "ಹಿಡ್ಕೊಂಡಿದ್ದೀನಿ, ಹಿಡ್ಕೊಂಡಿದ್ದೀನಿ" ಎನ್ನುತ್ತಾ ಯಾವಾಗಲೋ ಕೈ ಬಿಟ್ಟಿರುತ್ತಿದ್ದರು. ಆ ಸುಳ್ಳಿಗೆ ನಾನೊಬ್ಬಳು ಬೀಳಲಿಲ್ಲ. ನಾನು ಟೈಲರ್. ಹೊಲಿಗೆ ಮಿಷನ್ನಿನ ಚಕ್ರವೇ ನನಗೆ ಸಾಕಾಗಿತ್ತು. ಅದು ಎಷ್ಟು ತಿರುಗಿದರೂ ಎಲ್ಲಿಗೂ ಹೋಗುವುದಿಲ್ಲ, ಯಾರನ್ನೂ ಕೆಡವುವುದಿಲ್ಲ.

ಅಂಥ ನಾನು ಮಂಡಿ ನೋಯುವ ವಯಸ್ಸಿನಲ್ಲಿ ಬ್ಯಾಟರಿ ಟ್ರೈಸಿಕಲ್ ಹತ್ತುವಂತಾದದ್ದು ನಮ್ಮವರ ಎಡಗಾಲಿನ ದೆಸೆಯಿಂದ.

ಒಂದು ಬೆಳಿಗ್ಗೆ ಅಂಗಡಿಯಲ್ಲಿ ಟ್ಯೂಬು ಉಜ್ಜುತ್ತಾ ಕೂತಿದ್ದವರು ಕೂತಲ್ಲೇ ಎಡಕ್ಕೆ ವಾಲಿಬಿಟ್ಟರು. ಆಸ್ಪತ್ರೆಯಲ್ಲಿ ಸ್ಟ್ರೋಕ್ ಎಂದರು. ಜೀವ ಉಳಿಯಿತು. ಮಾತು ಸ್ವಲ್ಪ ದಪ್ಪವಾದರೂ ಉಳಿಯಿತು, ಹಾಗಾಗಿ ನನ್ನನ್ನು ಬೈಯುವುದಕ್ಕೇನೂ ತೊಂದರೆಯಾಗಲಿಲ್ಲ. ಎಡಗೈ ಅರ್ಧಂಬರ್ಧ ವಾಪಸು ಬಂತು. ಎಡಗಾಲು ಮಾತ್ರ ಬರಲಿಲ್ಲ. ಬಲಗಾಲಿನ ಮೇಲೆ ಭಾರ ಹಾಕಿ, ವಾಕರ್ ಹಿಡಿದು, ಎಡಗಾಲನ್ನು ಎಳೆದುಕೊಂಡು ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಾಗಿಲಿಗೆ ಹೋಗುತ್ತಿದ್ದರು, ಅಷ್ಟೇ.

ಊರಿನ ಆ ತುದಿಯಲ್ಲಿ ಇಂಥ ರೋಗಿಗಳಿಗೆಂದೇ ಒಂದು ವ್ಯಾಯಾಮ ಕೇಂದ್ರವಿದೆ. ಅಲ್ಲಿಯ ಮೇಡಂ ಇವರನ್ನು ಕೂರಿಸಿ "ಪಾದ ಎತ್ತಿ. ಎತ್ತಬೇಕು ಅಂತ ಮನಸ್ಸಲ್ಲೇ ಹೇಳ್ಕೊಳ್ಳಿ" ಎನ್ನುತ್ತಿದ್ದರು. ಇವರು ಹಣೆಯಲ್ಲಿ ಬೆವರು ಬರುವ ತನಕ ಆ ಪಾದವನ್ನೇ ದಿಟ್ಟಿಸುತ್ತಿದ್ದರು. ಪಾದ ಯಾರೋ ಬಾಗಿಲಲ್ಲಿ ಬಿಟ್ಟುಹೋದ ಚಪ್ಪಲಿಯ ಹಾಗೆ ಸುಮ್ಮನೆ ಬಿದ್ದಿರುತ್ತಿತ್ತು. "ಈ ಮೊದಲಿನ ತಿಂಗಳುಗಳೇ ಮುಖ್ಯ ಅಮ್ಮ. ತಪ್ಪಿಸಬೇಡಿ. ಲೇಟಾದಷ್ಟೂ ಕಷ್ಟ" ಎಂದು ಮೇಡಂ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. 

ಮೊದಮೊದಲು ಅಳಿಯ ತನ್ನ ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದ. ಅವನಿಗೆ ವರ್ಗವಾಗಿ ಮಗಳೂ ಅವನೂ ಬೇರೆ ಊರಿಗೆ ಹೋದರು. ಆಮೇಲೆ ಒಂದು ಸಲ ಟ್ಯಾಕ್ಸಿ ಕರೆಸಿದೆ. ಡ್ರೈವರ್ ಕೆಟ್ಟವನಲ್ಲ, ಅವಸರದವನು. ಕಂಕುಳಿಗೆ ಕೈಹಾಕಿ ಮೂಟೆ ಎತ್ತಿದ ಹಾಗೆ ಎತ್ತಿ ಸೀಟಿನೊಳಕ್ಕೆ ತಳ್ಳಿದ. ಬೀದಿಯ ಜನ ನಿಂತು ನೋಡುತ್ತಿದ್ದರು. ಆ ಗಾಬರಿಯಲ್ಲಿ ಇವರ ಪ್ಯಾಂಟು ಒದ್ದೆಯಾಯಿತು. ಮನೆಗೆ ಬಂದು ಗೋಡೆ ಕಡೆ ತಿರುಗಿ ಮಲಗಿದವರು, "ಇನ್ಮೇಲೆ ಯಾರ ಕೈಲೂ ಎತ್ತಿಸ್ಕೊಳ್ಳಲ್ಲ. ಕಾಲು ಹೋದ್ರೆ ಹೋಗ್ಲಿ" ಎಂದರು. ಬೇಡಿಕೊಂಡೆ, ಜಗಳವಾಡಿದೆ, ಊಟ ಬಿಟ್ಟೆ. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಕೇಂದ್ರದ ಸರದಿಗಳು ತಪ್ಪುತ್ತಾ ಹೋದವು. ಕೊನೆಗೆ ಮೇಡಂ ಫೋನ್ ಮಾಡಿದರು: "ಬರೋ ಸೋಮವಾರವೂ ಬರದಿದ್ರೆ ಜಾಗ ಬೇರೆಯವ್ರಿಗೆ ಕೊಡಬೇಕಾಗುತ್ತೆ ಅಮ್ಮ. ಕಾಯ್ತಾ ಇರೋರು ಬಹಳ ಜನ ಇದ್ದಾರೆ."

ಆ ವಾರವೇ ಮಗಳು ಕಳಿಸಿದ ಟ್ರೈಸಿಕಲ್ಲು ಬಾಗಿಲಿಗೆ ಬಂದು ನಿಂತಿತು. ಮುಂದೆ ಒಂದು ಚಕ್ರ, ಹ್ಯಾಂಡಲ್ಲು, ತುಳಿಯುವವರ ಸೀಟು, ಪೆಡಲ್ಲು. ಹಿಂದಿನ ಎರಡು ಚಕ್ರಗಳ ನಡುವೆ ಒಬ್ಬರು ಕೂರುವಷ್ಟು ತಗ್ಗಾದ ಬೆಂಚು, ಎರಡು ಪಕ್ಕದಲ್ಲೂ ಹಿಡಿದುಕೊಳ್ಳಲು ಕಂಬಿ, ಕೆಳಗೆ ಕಾಲಿಡುವ ಹಲಗೆ. ನಮ್ಮವರು ವಾಕರ್ ಎಳೆದುಕೊಂಡು ಹೊರಗೆ ಬಂದರು. ಬಲಗೈಯಲ್ಲಿ ಚಕ್ರದ ಒಂದು ಕಡ್ಡಿಯನ್ನು ಮೀಟಿದರು. ಚೈನು ಮುಟ್ಟಿ ಬೆರಳು ಮೂಸಿದರು. ಆಮೇಲೆ ಯಾರನ್ನೂ ಕೇಳದೆ ಕಂಬಿ ಹಿಡಿದು, ಹಿಂದುಹಿಂದಕ್ಕೆ ಸರಿದು, ಆ ಬೆಂಚಿನ ಮೇಲೆ ತಾವೇ ಕೂತರು. ಎಷ್ಟೋ ಕಾಲದ ಮೇಲೆ ಅವರ ಮುಖದಲ್ಲಿ ಅವರನ್ನೇ ನೋಡಿದೆ.

"ಇದ್ರಲ್ಲಾದ್ರೆ ಬರ್ತೀನಿ. ಯಾರೂ ಎತ್ತೋದು ಬೇಡ" ಎಂದರು. ಒಂದು ಕ್ಷಣ ಬಿಟ್ಟು, "ಆದ್ರೆ ಓಡಿಸೋರ್ಯಾರು?"

ಮಗಳಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. ಫೋನಿನಲ್ಲಿ ಮಗಳು ನಕ್ಕಳು. "ನೀನೇ ಅಮ್ಮ! ಮೂರು ಚಕ್ರ ಇದೆ, ಬೀಳೋ ಮಾತೇ ಇಲ್ಲ. ಜೀವಮಾನವೆಲ್ಲ ಮಿಷನ್ ತುಳಿದ ಕಾಲು ನಿಂದು." ದೂರದಲ್ಲಿ ಕೂತವರಿಗೆ ಧೈರ್ಯ ಜಾಸ್ತಿ. ನಾನು ಬೀಳುವ ಹೆದರಿಕೆ ನನಗಿರಲಿಲ್ಲ. ಬಿದ್ದರೆ ಎದ್ದೇನು. ಆದರೆ ಇವರನ್ನು ಹಿಂದೆ ಕೂರಿಸಿಕೊಂಡು ಹೋಗಿ ಎಲ್ಲಾದರೂ ಕೆಡವಿದರೆ? ಉಳಿದಿರುವ ಆ ಒಂದು ಕಾಲನ್ನೂ ನಾನೇ ಮುರಿದರೆ? 

ನಮ್ಮ ಬೀದಿಯ ಕೊನೆಯಲ್ಲಿ ಒಂದು ಮುಚ್ಚಿದ ಗೋಡೌನು, ಅದರ ಮುಂದೆ ಸಿಮೆಂಟಿನ ಅಂಗಳ. ಅಂಗಳದ ಬಾಯಿಗೇ ಮೊಟ್ಟೆ ಅಂಗಡಿ. ಅದರ ಒಡತಿಯನ್ನು ಎಲ್ಲರೂ ಮೊಟ್ಟೆಯಕ್ಕ ಅನ್ನುತ್ತಾರೆ. ಅಂಗಳದ ಅಂಚಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಮ್ಮವರನ್ನು ಕೂರಿಸಿದೆ. ಗುರುಗಳು ಕೂತಲ್ಲೇ ವಾಕರ್ ಹಿಡಿದು ತಯಾರಾದರು.

"ಬಲಗೈಲಿರೋದು ಎಕ್ಸಲೇಟರ್. ನಿನ್ನ ಕಡೆಗೆ ತಿರುಗಿಸಿದ್ರೆ ಹೋಗುತ್ತೆ. ಮೆಲ್ಲಗೆ ತಿರುಗಿಸು."

ಮೆಲ್ಲಗೇ ತಿರುಗಿಸಿದೆ. ಗಾಡಿ ಬಾಲ ತುಳಿದ ಬೆಕ್ಕಿನಂತೆ ನೆಗೆಯಿತು. "ನಿಲ್ಲಿಸು" ಎಂದು ಅವರು ಕೂಗಿದರು. ನಿಲ್ಲಿಸಲೆಂದೇ ಕೈ ಬಿಗಿಹಿಡಿದೆ. ಗಾಡಿ ಇನ್ನೂ ಜೋರಾಯಿತು. "ಬ್ರೇಕು! ಬ್ರೇಕು!" ಎಂದರು. ನಾನು ಮತ್ತಷ್ಟು ಬಿಗಿಹಿಡಿದೆ. ಮೊಟ್ಟೆಯಕ್ಕನ ಖಾಲಿ ಟ್ರೇಗಳ ರಾಶಿಗೆ ನುಗ್ಗಿದ ಮೇಲೆ ಗಾಡಿ ತಾನಾಗಿ ನಿಂತಿತು. ಖಾಲಿ ಇದ್ದದ್ದು ಪುಣ್ಯ. ಮೊಟ್ಟೆಯಕ್ಕ ಹೊರಗೆ ಬಂದು, ನನ್ನನ್ನೊಮ್ಮೆ ಗಾಡಿಯನ್ನೊಮ್ಮೆ ನೋಡಿ, ತುಂಬಿದ ಟ್ರೇಗಳನ್ನು ಒಂದೊಂದಾಗಿ ಒಳಗೆ ಸಾಗಿಸಿದಳು. ಅವತ್ತಿನಿಂದ ನಮ್ಮ ಗಾಡಿಯ ಸದ್ದು ಕೇಳಿದರೆ ಸಾಕು, ಮಾತಿಲ್ಲದೆ ಟ್ರೇ ಒಳಗಿಡುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ನಿಂತ ಕೂಡಲೇ ಗುರುಗಳದು ಇನ್ನೊಂದು ಕೂಗು. "ಎಡಗಾಲು ನೆಲಕ್ಕೆ! ಗಾಡಿ ನಿಂತ್ರೆ ಎಡಗಾಲು ನೆಲಕ್ಕೆ! ಅದೇ ಮೊದಲನೇ ಪಾಠ ಕಣೇ!"

ನಾನು ವಿಧೇಯಳಾಗಿ ಕಾಲು ಕೆಳಗಿಟ್ಟೆ. ಪೆಡಲು ಬಂದು ಕಣಕಾಲಿಗೆ ಹೊಡೆಯಿತು. ಆಮೇಲೆ ತಿಳಿಯಿತು, ಮೂರು ಚಕ್ರದ ಗಾಡಿ ನಿಂತಾಗ ಕಾಲಿಡುವ ಅಗತ್ಯವೇ ಇಲ್ಲ, ಅದು ಕುರ್ಚಿಯ ಹಾಗೆ ತಾನೇ ನಿಲ್ಲುತ್ತದೆ. ಅಷ್ಟು ಹೊತ್ತಿಗೆ ಕಣಕಾಲು ನೀಲಿಗಟ್ಟಿತ್ತು.

ತಿರುವಿನ ಪಾಠ ಇನ್ನೂ ಚೆಂದ. "ಹ್ಯಾಂಡಲ್ ಜಾಸ್ತಿ ತಿರುಗಿಸಬೇಡ. ಮೈ ಬಾಗಿಸು. ಗಾಡಿ ತಾನೇ ತಿರುಗುತ್ತೆ." ಮೈ ಬಾಗಿಸಿದೆ. ಗಾಡಿ ನೆಟ್ಟಗೆ ಗೋಡೌನಿನ ಗೋಡೆಯ ಕಡೆ ಹೊರಟಿತು. "ಬಾಗು! ಇನ್ನೂ ಬಾಗು!" ಎಂದು ಅವರು. ನಾನು ಸೀಟಿನಿಂದ ಜಾರುವಷ್ಟು ಬಾಗಿದೆ. ಮುಂದಿನ ಚಕ್ರ ಗೋಡೆಗೆ ಮುತ್ತಿಟ್ಟಿತು.

"ನಿಮ್ಮ ಪಾಠಕ್ಕಿಷ್ಟು ಬೆಂಕಿ ಹಾಕ! ಬಾಗು ಬಾಗು ಅಂತೀರಲ್ಲ, ಬಾಗಿದ್ರೆ ಇದೆಲ್ಲಿ ತಿರುಗುತ್ತೆ?" ಎಂದು ಕಿರುಚಿದೆ.

ಅವರು ಗಾಡಿಯನ್ನೇ ಬಹಳ ಹೊತ್ತು ನೋಡಿದರು. "ಎರಡು ಚಕ್ರದ್ದು ಬಾಗಿದ್ರೆ ತಿರುಗುತ್ತೆ. ಇದು ಸೈಕಲ್ ಅಲ್ಲ. ನಂಗೆ ಗೊತ್ತಿರೋದು ಯಾವುದೂ ಇದಕ್ಕೆ ಆಗಿಬರಲ್ಲ" ಎಂದರು. ಬೈದಿದ್ದರೆ ಸಹಿಸುತ್ತಿದ್ದೆ. ಆ ತಣ್ಣಗಿನ ದನಿ ಕೇಳಿ ನನಗೆ ಅಳು ಬಂತು. ಕಾಲು ಹೋದಾಗಲೂ ಅವರು ಇಷ್ಟು ಸೋತಂತೆ ಕಂಡಿರಲಿಲ್ಲ.

ಮರುದಿನ ಬಾಗುವುದನ್ನು ಬಿಟ್ಟು ಹ್ಯಾಂಡಲ್ ತಿರುಗಿಸಿದೆ. ತಿರುವು ಬಂತು. ಆದರೆ ನಿಲ್ಲಿಸುವುದು ಬರಲಿಲ್ಲ. ಹಿಂದಿನ ಬೆಂಚಿನ ಮೇಲೆ ಕತ್ತರಿಸಿ ಉಳಿದ ಬಟ್ಟೆಚೂರುಗಳ ಮೂಟೆಯೊಂದನ್ನು ಇವರ ಬದಲಿಗೆ ಕೂರಿಸಿಕೊಂಡು ಸುತ್ತು ಹೊಡೆಯುತ್ತಿದ್ದೆ. ತಿರುವಿನಲ್ಲಿ ನಾಯಿಯೊಂದು ಅಡ್ಡ ಬಂತು. ನಿಲ್ಲಿಸಬೇಕೆಂದುಕೊಂಡೆ, ಕೈ ಬಿಗಿಹಿಡಿಯಿತು, ಗಾಡಿ ಬಾಣದಂತೆ ಹಾರಿತು. ನಾಯಿ ಜಾಣ, ತಪ್ಪಿಸಿಕೊಂಡಿತು. ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಮೂಟೆ ಸಿಮೆಂಟಿನ ಮೇಲೆ ಮಗುಚಿ ಬಿದ್ದಿತ್ತು. ಅದು ಮೂಟೆ, ಬರೀ ಬಟ್ಟೆ ಮೂಟೆ ಎಂದು ನನಗೆ ನಾನೇ ಹೇಳಿಕೊಂಡೆ. ಇಳಿದು ಹೋಗಿ ಅದನ್ನು ಎತ್ತಿಕೊಂಡೆ.

"ನನ್ನ ಕೈಲಾಗಲ್ಲ ರೀ. ಮೇಡಂಗೆ ಫೋನ್ ಮಾಡಿ ಬರಲ್ಲ ಅಂತ ಹೇಳ್ಬಿಡ್ತೀನಿ" ಎಂದೆ. 

ಮಧ್ಯಾಹ್ನ ಹೊಲಿಗೆಗೆ ಕೂತೆ. ಶಾಲೆಯ ಯೂನಿಫಾರಂಗಳು ಬಾಕಿ ಇದ್ದವು. ಅವರು ಮಂಚದ ಮೇಲೆ ಒರಗಿ ನನ್ನ ಕಡೆಯೇ ನೋಡುತ್ತಿದ್ದರು.

"ಲೇ, ನಿಲ್ಲಿಸು" ಎಂದರು.

ನಿಲ್ಲಿಸಿದೆ. "ಏನು, ನೀರು ಬೇಕಾ?"

"ಬೇಡ. ಹೊಲಿ."

ಹೊಲಿದೆ.

"ನಿಲ್ಲಿಸು."

"ಏನ್ರೀ ನಿಮ್ಮ ಗೋಳು?"

"ನಿನ್ನ ಬಲಗೈ ನೋಡ್ಕೋ."

ನೋಡಿದೆ. ಬಲಗೈ ಮಿಷನ್ನಿನ ಚಕ್ರದ ಮೇಲಿತ್ತು. ಹೊಲಿಯುವವರೆಲ್ಲರದೂ ಹಾಗೆಯೇ. ಕಾಲು ತುಳಿಯುವುದನ್ನು ಬಿಡುವ ಮೊದಲೇ ಬಲಗೈ ಹೋಗಿ ಚಕ್ರವನ್ನು ಬಿಗಿಯಾಗಿ ಹಿಡಿಯುತ್ತದೆ, ತನ್ನ ಕಡೆಗೆ ಸ್ವಲ್ಪ ಎಳೆದು ಸೂಜಿಯನ್ನು ಮೇಲೆ ತಂದು ನಿಲ್ಲಿಸುತ್ತದೆ. ಸೂಜಿ ಮೇಲೆ ಬಂದರೆ ಮಾತ್ರ ಬಟ್ಟೆಯನ್ನು ಆಚೆ ಎಳೆಯಲು ಆಗುವುದು. ಯಾರೂ ಇದನ್ನು ಯೋಚಿಸಿ ಮಾಡುವುದಿಲ್ಲ.

"ನಿಲ್ಲಿಸಬೇಕು ಅಂದ ತಕ್ಷಣ ನೀನು ಬಲಗೈಲಿ ಹಿಡಿದು ನಿನ್ನ ಕಡೆಗೆ ಎಳ್ಕೋತೀಯ. ಗಾಡೀಲಿ ಹಂಗೆ ಎಳೆದ್ರೆ ಎಕ್ಸಲೇಟರ್" ಎಂದರು. "ಎಷ್ಟು ವರ್ಷದ ಕೈ ಅದು. ನಾನು ಬ್ರೇಕು ಬ್ರೇಕು ಅಂತ ಬಾಯಿ ಬಡ್ಕೊಂಡ್ರೆ ಬಿಡುತ್ತಾ?"

ಅವರ ಮಾತಿನಲ್ಲಿ ಹಳೆಯ ಅಂಗಡಿಯವನು ಎದ್ದು ಕೂತಿದ್ದ. ಆಗಲೇ ಹೊರಗೆ ಹೊರಟರು. ಹ್ಯಾಂಡಲ್ಲಿನಿಂದ ಬರುವ ತಂತಿಗಳಲ್ಲಿ ಯಾವುದು ಎಕ್ಸಲೇಟರಿನದು ಎಂದು ಬಲಗೈಯಲ್ಲಿ ತಡಕಿ ಹುಡುಕಿದರು. ಅದರ ಕನೆಕ್ಟರನ್ನು ನನ್ನ ಕೈಲಿ ಕಳಚಿಸಿ ಟೇಪು ಸುತ್ತಿಸಿದರು. ಇನ್ನು ಮೋಟರು ಪೆಡಲ್ ತುಳಿದರೆ ಮಾತ್ರ ಜೊತೆಗೆ ಓಡುತ್ತದೆ, ಕಾಲು ನಿಂತರೆ ಅದೂ ನಿಲ್ಲುತ್ತದೆ. ಬಲಗೈ ಬೇಕಾದಷ್ಟು ಎಳೆದುಕೊಳ್ಳಲಿ, ಸಿಗುವುದು ಬರೀ ರಬ್ಬರು.

ಹತ್ತಿ ತುಳಿದೆ. ಕಾಲಿಗೆ ಗೊತ್ತಿರುವ ಕೆಲಸ. ಮೋಟರು ಹಿಂದಿನಿಂದ ಯಾರೋ ಮೆತ್ತಗೆ ನೂಕಿದ ಹಾಗೆ ಸೇರಿಕೊಂಡಿತು. ಕಾಲು ನಿಲ್ಲಿಸಿದೆ, ಬ್ರೇಕಿನ ಹಿಡಿಯನ್ನು ಬೆರಳಲ್ಲಿ ಎಳೆದೆ. ಗಾಡಿ ನಿಂತಿತು. ನನಗೆ ನಂಬಿಕೆಯೇ ಬರಲಿಲ್ಲ. ಕೈ ಒಂದು ಕೆಲಸ ಕಲಿತ ಮಾತ್ರಕ್ಕೆ ಎದೆಯ ಡವಡವ ನಿಲ್ಲುತ್ತದೆಯೇ? ಅಂಗಳದಲ್ಲಿ ಬಸ್ಸಿಲ್ಲ, ಲಾರಿಯಿಲ್ಲ, ಕೇಂದ್ರದ ದಾರಿಯಲ್ಲಿರುವ ರೈಲ್ವೆ ಸೇತುವೆಯ ಕೆಳಗಿನ ಆ ಇಳಿಜಾರಿಲ್ಲ.

ಅವರನ್ನು ಕೂರಿಸಿಕೊಂಡು ಒಂದು ಸುತ್ತು ಬಂದಾಗ ಇನ್ನೊಂದು ಹೆದರಿಕೆ ಶುರುವಾಯಿತು. ಕುಲುಕಾಟಕ್ಕೆ ಅವರ ಎಡಗಾಲು ಹಲಗೆಯ ಮೇಲೆ ಜಾರಿ ಜಾರಿ ಅಂಚಿಗೆ ಬರುತ್ತಿತ್ತು. ಅಂಚಿನ ಹಿಂದೆಯೇ ಚಕ್ರ. ಅವರಿಗೆ ಕಾಲು ಎಲ್ಲಿದೆ ಎಂದೂ ತಿಳಿಯುತ್ತಿರಲಿಲ್ಲ. ದಪ್ಪ ಕ್ಯಾನ್ವಾಸ್ ಬಟ್ಟೆಯಲ್ಲಿ ಒಂದು ಪಟ್ಟಿ ಹೊಲಿದೆ. ಒಂದು ತುದಿ ಹಲಗೆಗೆ, ಇನ್ನೊಂದು ತುದಿ ಪಾದದ ಮೇಲಿಂದ ಬಂದು, ಒತ್ತಿದರೆ ಟಕ್ಕೆಂದು ಕೂರುವ ಟಿಚ್ ಬಟನ್ನಿಗೆ. ಬೇಕಾದಾಗ ಅವರೇ ಒಂದು ಕೈಯಲ್ಲಿ ಬಿಚ್ಚಿಕೊಳ್ಳಲಿ ಎಂದು ಬಟನ್ ಇಟ್ಟೆ. ಹೊಲಿಗೆಯನ್ನು ಮಾತ್ರ ಎರಡೆರಡು ಸಲ ಹಾಕಿದೆ.

"ಎಡಗಾಲು ನೆಲಕ್ಕೆ ಅಂತ ಊರಿಗೆಲ್ಲ ಹೇಳಿದವನ ಎಡಗಾಲನ್ನೇ ಕಟ್ಟಿಹಾಕ್ದೆ" ಎಂದರು. ನಗುತ್ತಲೇ ಹೇಳಿದರು, ಆದರೂ ನನಗೆ ಚುರುಕ್ಕೆಂದಿತು.

ಸೋಮವಾರ ಬಂತು. ಬೆಳಿಗ್ಗೆಯಿಂದ ಎರಡು ಸಲ ವಾಂತಿಯಾಯಿತು. ಅವರಿಗೆ ಹೇಳಲಿಲ್ಲ. ಅವರೂ ಟೀ ಮುಟ್ಟಿರಲಿಲ್ಲ ಎಂಬುದನ್ನು ಲೋಟ ತೊಳೆಯುವಾಗ ನೋಡಿದೆ. ದಾರಿಯಲ್ಲಿ ಮತ್ತೆ ಪ್ಯಾಂಟು ಒದ್ದೆಯಾದೀತೆಂಬ ಭಯ ಇರಬೇಕು. ಕೂರಿಸಿದೆ, ಪಟ್ಟಿಯ ಬಟನ್ ಒತ್ತಿದೆ, ಎಳೆದು ನೋಡಿದೆ, ಮತ್ತೆ ಒತ್ತಿದೆ. ಬೀದಿಯ ಕೊನೆಯಲ್ಲಿ ಮೊಟ್ಟೆಯಕ್ಕ ನಿಂತಿದ್ದಳು. ಅವತ್ತು ಟ್ರೇ ಒಳಗಿಡಲಿಲ್ಲ. ಮರೆತಳೋ, ನನ್ನನ್ನು ನಂಬಿದಳೋ, ಕೇಳಲು ಪುರುಸೊತ್ತಿರಲಿಲ್ಲ.

ದೊಡ್ಡ ರಸ್ತೆಗೆ ಬಂದ ಕೂಡಲೇ ಗಾಡಿ ಎಡಕ್ಕೆ ಎಳೆಯತೊಡಗಿತು. ನೆಟ್ಟಗೆ ಹಿಡಿದರೂ ಚರಂಡಿಯ ಕಡೆಗೇ ಅದರ ಮನಸ್ಸು.

"ಎಡಕ್ಕೆ ಹೋಗ್ತಿದ್ದೀಯಲ್ಲೇ!"

"ನಾನಲ್ಲ, ರಸ್ತೆ ವಾಲಿದೆ!"

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಡೊಂಕೇ ಇದೆ ರೀ! ನೋಡಿ ಬೇಕಾದ್ರೆ!"

ಅವರು ಬಗ್ಗಿ ನೋಡಿದರು. "ಹೌದು ಕಣೇ" ಎಂದರು ಆಶ್ಚರ್ಯದಿಂದ. "ನೀರು ಹರಿದು ಹೋಗ್ಲಿ ಅಂತ ಅಂಚಿಗೆ ಇಳಿಜಾರು ಮಾಡಿದ್ದಾರೆ. ಎರಡು ಚಕ್ರದಲ್ಲಿ ಇಷ್ಟು ವರ್ಷ ಹೋದ್ರೂ ಗೊತ್ತಾಗಿರ್ಲಿಲ್ಲ." ಒಂದು ವಾದದಲ್ಲಿ ಗೆದ್ದೆ. ಖುಷಿಪಡಲು ಹೋದರೆ ಪಕ್ಕದಲ್ಲೇ ಲಾರಿಯೊಂದು ಭರ್ರೆಂದು ಹಾದುಹೋಯಿತು.  ತಿರುಗಿ ನೋಡುವಂತಿಲ್ಲ. ನಾನು ತಿರುಗಿದರೆ ಹ್ಯಾಂಡಲ್ಲೂ ನನ್ನ ಜೊತೆ ತಿರುಗುತ್ತದೆ.

"ರೀ, ಇದ್ದೀರಾ?"

"ಇದ್ದೀನಿ, ಇದ್ದೀನಿ. ಮುಂದೆ ನೋಡು."

ಸ್ವಲ್ಪ ದೂರಕ್ಕೊಮ್ಮೆ ಕೇಳುತ್ತಿದ್ದೆ. ಸ್ವಲ್ಪ ದೂರಕ್ಕೊಮ್ಮೆ ಅದೇ ಉತ್ತರ. ಆ ಉತ್ತರದ ಮೇಲೆಯೇ ಗಾಡಿ ಓಡುತ್ತಿತ್ತು.

ರೈಲ್ವೆ ಸೇತುವೆಯ ಇಳಿಜಾರಿನಲ್ಲಿ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿ ಎಂದರು, ಹಾಗೆಯೇ ಇಳಿದೆ. ಕೆಳಗಿನ ಕತ್ತಲಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ತಲೆಯ ಮೇಲೆ ರೈಲೊಂದು ಗುಡುಗಿತು. ಆಚೆ ಕಡೆಯ ಏರಿನಲ್ಲಿ ಅರ್ಧ ಹತ್ತಿದ್ದೆವು. ಮುಂದಿನ ಬಸ್ಸು ಗಕ್ಕನೆ ನಿಂತಿತು.

ಬ್ರೇಕ್ ಹಿಡಿದೆ. ಗಾಡಿ ನಿಂತಿತು. ಹಿಂದಕ್ಕೆ ಜಾರುವ ಮನಸ್ಸು ಮಾಡಿತು. ಎರಡೂ ಕೈಯ ಹಿಡಿಗಳನ್ನು ಬೆರಳು ಬೆಳ್ಳಗಾಗುವಷ್ಟು ಬಿಗಿದೆ. ಆಗ ಹಿಂದಿನಿಂದ ಸದ್ದೊಂದು ಕೇಳಿಸಿತು.

ಟಕ್.

ಆ ಸದ್ದು ನನಗೆ ನಿದ್ದೆಯಲ್ಲೂ ಗೊತ್ತು. ಟಿಚ್ ಬಟನ್ ಬಿಚ್ಚಿಕೊಂಡಿತ್ತು.

"ಕಾಲು! ಕಾಲು ಒಳಗೆ ತಗೊಳ್ಳಿ!" ಎಂದು ಕೂಗಿದೆ. ಉತ್ತರವಿಲ್ಲ. "ರೀ, ಇದ್ದೀರಾ?" ಉತ್ತರವಿಲ್ಲ. ಬಸ್ಸು ಹೊರಟಿತು. ಹಿಂದಿನಿಂದ ಹಾರ್ನುಗಳು ಶುರುವಾದವು. ತುಳಿದರೆ ಅವರ ಕಾಲು ಚಕ್ರದ ಕೆಳಗೆ ಹೋಗಬಹುದು. ಬ್ರೇಕ್ ಸಡಿಲಿಸಿದರೆ ಗಾಡಿ ಹಿಂದಕ್ಕೆ ಜಾರುತ್ತದೆ. ಮತ್ತೊಂದು ಸ್ಟ್ರೋಕ್ ಆಗಿರಬಹುದೇ? ಇಲ್ಲೇ, ಈ ಏರಿನಲ್ಲಿ, ನನ್ನ ಬೆನ್ನ ಹಿಂದೆ? ಯಾರದೋ ಬೈಗುಳ ಕಿವಿಗೆ ಬಿತ್ತು. ಬ್ರೇಕನ್ನು ಹಿಡಿದಲ್ಲೇ ನಿಲ್ಲಿಸುವ ಲಾಕು ಎಲ್ಲಿದೆ ಎಂಬುದೇ ಮರೆತುಹೋಯಿತು. ಹುಡುಕಿ, ಒತ್ತಿ, ಕೈ ಬಿಟ್ಟು, ಗಾಡಿ ಜಾರಲಿಲ್ಲ ಎಂದು ಖಾತ್ರಿಯಾದ ಮೇಲೆ ತಿರುಗಿದೆ.

ಅವರ ಎಡಗಾಲು ರಸ್ತೆಯ ಮೇಲಿತ್ತು. ಚಕ್ರದಿಂದ ದೂರವಾಗಿ, ಮಂಡಿ ಮಡಚಿ, ಪಾದ ಪೂರ್ತಿ ನೆಲಕ್ಕೆ ಊರಿತ್ತು. ಅವರು ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದರು.

"ಬಟನ್ ಯಾಕ್ರೀ ಬಿಚ್ಚಿದ್ರಿ? ಚಕ್ರಕ್ಕೆ ಸಿಕ್ಕಿದ್ರೆ ಏನ್ ಗತಿ? ಬುದ್ಧಿ ಎಲ್ಲಿಟ್ಟಿದ್ದೀರಿ?"

"ನಾನೆಲ್ಲಿ ಬಿಚ್ಚಿದೆ?" ದನಿ ಪಿಸುಗುಟ್ಟುವಂತಿತ್ತು. "ಕೈ ಇಲ್ಲಿದೆ ನೋಡು." ಬಲಗೈ ಕಂಬಿಯನ್ನು ಭದ್ರವಾಗಿ ಹಿಡಿದಿತ್ತು. ಎಡಗೈ ತೊಡೆಯ ಮೇಲಿತ್ತು. "ನಿನ್ನ ಹೊಲಿಗೆ ಬಿಟ್ಟಿತೇನೋ."

ನನ್ನ ಹೊಲಿಗೆ! ಅಷ್ಟು ಹಾರ್ನಿನ ನಡುವೆಯೂ ಬಗ್ಗಿ ನೋಡಿದೆ. ಹೊಲಿಗೆ ಒಂದು ಎಳೆಯೂ ಬಿಟ್ಟಿರಲಿಲ್ಲ. ಬಟನ್ ಮಾತ್ರ ಕೆಳಗಿನಿಂದ ನೂಕಿದಂತೆ ಬಿಚ್ಚಿತ್ತು.

"ಒಳಗೆ ಎತ್ಕೊಳ್ಳಿ" ಎಂದೆ. ಅವರು ಪ್ರಯತ್ನಿಸಿದರು. ಕತ್ತಿನ ನರ ಉಬ್ಬಿತು. ಕಾಲು ಅಲುಗಲಿಲ್ಲ. ಮತ್ತೆ ಆ ಚಪ್ಪಲಿಯೇ. ನಾನೇ ಎರಡು ಕೈಯಲ್ಲಿ ಎತ್ತಿ ಹಲಗೆಯ ಮೇಲಿಟ್ಟು ಬಟನ್ ಒತ್ತಿದೆ. ಲಾಕು ತೆಗೆದು ತುಳಿದೆ. ಏರು ಹತ್ತಿದೆವು.

 ಇದ್ದೀರಾ ಎಂದು ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಗಿರಗಿರ ಸುತ್ತುತ್ತಿತ್ತು. ಕಾಲು ಬಿದ್ದಿತೋ, ಅವರೇ ಇಟ್ಟರೋ? ಏರಿನ ಕುಲುಕಿಗೆ ಜಾರಿ ಬಿದ್ದಿರಬಹುದು. ಜಾರಿ ಬಿದ್ದ ಕಾಲು ಹಾಗೆ ಊರಿ ನಿಲ್ಲುತ್ತದೆಯೇ? ಆಸೆಪಡಲು ಹೆದರಿಕೆಯಾಯಿತು. ಲಾರಿಯ ಹೆದರಿಕೆ, ಇಳಿಜಾರಿನ ಹೆದರಿಕೆ, ಎಲ್ಲ ಸೇರಿದರೂ ಇದರ ಮುಂದೆ ಸಣ್ಣದು. ಹಿಂದೆ ಕೂತವರೂ ಅದನ್ನೇ ಯೋಚಿಸುತ್ತಿದ್ದರು. ನೋಡದಿದ್ದರೂ ಗೊತ್ತಾಗುತ್ತಿತ್ತು, ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.

ಕೇಂದ್ರಕ್ಕೆ ಹೋಗುವ ಕೊನೆಯ ಬೀದಿ ಸಣ್ಣದು. ಎರಡು ಕಡೆ ಎತ್ತರದ ಕಾಂಪೌಂಡು, ಅಷ್ಟುದ್ದಕ್ಕೂ ಯಾರೂ ಇಲ್ಲ. ಬಸ್ಸಿಲ್ಲ, ನಾಯಿಯಿಲ್ಲ, ನಿಲ್ಲಿಸಲು ಯಾವ ಕಾರಣವೂ ಇಲ್ಲ. ಹೆದರಿ ಹೆದರಿ ನಿಲ್ಲಿಸುವುದನ್ನು ಕಲಿತಿದ್ದ ನಾನು, ಆ ಖಾಲಿ ಬೀದಿಯಲ್ಲಿ, ಬೇಕಂತಲೇ ಬ್ರೇಕ್ ಹಿಡಿದೆ. ಉಸಿರೂ ಹಿಡಿದೆ.

ಗಾಡಿ ನಿಂತಿತು. ಹಿಂದೆ ಏನೂ ಕೇಳಿಸಲಿಲ್ಲ. ನನ್ನ ಕಣ್ಣು ಮಂಜಾಯಿತು. ಸರಿ, ಬಿದ್ದದ್ದೇ ಇರಬೇಕು ಎಂದುಕೊಂಡೆ.

"ಯಾಕೆ ನಿಲ್ಲಿಸ್ದೆ?"

"ಸುಮ್ನೆ."

"ಹಂಗೆ ಮೊದ್ಲೇ ಹೇಳಿದ ಥರ ನಿಧಾನಕ್ಕೆ ನಿಲ್ಲಿಸಿದ್ರೆ ಆಗಲ್ಲ ಕಣೇ" ಎಂದರು ಮೆಲ್ಲಗೆ. "ನೀನು ನಿಧಾನ ಮಾಡಿದಾಗ್ಲೇ ಗೊತ್ತಾಯ್ತು. ಕಾಲನ್ನೇ ನೋಡ್ತಾ ಕೂತೆ. ನೋಡ್ತಾ ಇದ್ರೆ ಅದು ಕೇಳಲ್ಲ."

ಮತ್ತೆ ತುಳಿದೆ. ಈ ಸಲ ಮಾತು ತೆಗೆದೆ. ನಿಮ್ಮ ತಮಾಷೆಗಳಿಗೆಲ್ಲ ಉತ್ತರ ಸಿಕ್ಕಿತು, ಸೈಕಲ್ ಶಾಪಿನವನ ಹೆಂಡತಿಗೆ ಗಾಡಿ ಬಂತು, ಈಗ ನಿಮ್ಮ ಗೆಳೆಯರು ಏನನ್ನುತ್ತಾರೋ ನೋಡೋಣ ಎಂದು ಬಾಯಿಗೆ ಬಂದದ್ದು ಹೇಳುತ್ತಾ ಹೋದೆ. "ಅವ್ರು ಅನ್ನೋದೇನು, ಮೂರು ಚಕ್ರ ಇದ್ರೆ ಮೇಜೂ ಓಡುತ್ತೆ ಅಂತಾರೆ" ಎಂದು ಅವರು ನಗತೊಡಗಿದರು. ಆ ನಗುವಿನ ನಟ್ಟನಡುವೆ ಎರಡೂ ಬ್ರೇಕನ್ನು ಗಕ್ಕನೆ ಹಿಡಿದೆ.

ಟಕ್.

ನಾನು ತಿರುಗಲಿಲ್ಲ. ತಿರುಗುವ ಧೈರ್ಯವಿರಲಿಲ್ಲ. ಹಿಂದಿನ ನಗು ನಿಂತಿತ್ತು. ಮೂಗು ಎಳೆದುಕೊಂಡ ಸದ್ದಾಯಿತು. ಕಾಲನ್ನು ಕೈಯಲ್ಲಿ ಎತ್ತಿ ಹಲಗೆಗಿಟ್ಟು ಬಟನ್ ಮತ್ತೆ ಒತ್ತಿಕೊಂಡ ಸದ್ದಾಯಿತು.

"ಲೇ" ಎಂದರು. "ಹೋಗು. ಹೇಳ್ದೆ ಇನ್ನೊಂದ್ಸಲ ನಿಲ್ಲಿಸು."

ಆ ಬೀದಿ ದಾಟಲು ಎಷ್ಟು ಹೊತ್ತು ಹಿಡಿಯಿತೋ. ಗೇಟಿನ ಬಳಿ ಮೇಡಂ ನಿಂತಿದ್ದರು. ನಮ್ಮನ್ನು ನೋಡಿ ಮುಖ ಗಂಟಿಕ್ಕಿ, "ಏನಮ್ಮ ಇಷ್ಟು ಲೇಟು? ಜಾಗ ಬೇರೆಯವ್ರಿಗೆ ಕೊಡೋದ್ರಲ್ಲಿದ್ದೆ" ಎಂದು ದೂರದಿಂದಲೇ ಶುರುಮಾಡಿದರು. ನಮ್ಮವರು ಅವರಿಗೆ ಏನೋ ಸಮಾಧಾನ ಹೇಳಲು ಹೊರಟರು.

ಗಾಡಿ ಇನ್ನೂ ಓಡುತ್ತಿರುವಾಗಲೇ ನಾನು ಮೇಡಂಗೆ ನಮ್ಮವರ ಎಡಗಾಲಿನ ಕಡೆ ಕಣ್ಸನ್ನೆ ಮಾಡಿ, ಬ್ರೇಕ್ ಹಿಡಿದೆ.